ಹಗೇವಿನ ಮಾವನ ಠೇವಣಿ

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆ ಯಾರ ಮನೆ ಹಗೇವು ತೆಗೆದರೂ ರಾಗಿ ಸಿಗಬೇಕು. ರಾಗಿ ಇಲ್ಲದಿದ್ದರೆ ಕಪ್ಪೆಯಾದರೂ ಸಿಗಬೇಕು. ನಮ್ಮ ಮಾವನ ಹಗೇವಿನಲ್ಲಿ ಮಾತ್ರ ಪೋರ್ಚುಗಲ್ ಸಿಗುತ್ತದೆ.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಬಹುಪಾಲು ಠೇವಣಿ ವಿಭಾಗದಲ್ಲೇ ಕೂತು, ನಿವೃತ್ತರಾಗಿ ಊರಿಗೆ ಬಂದವರು. ಇಂಥವರು ಈಗ ಹೋಬಳಿಗೊಬ್ಬರು ಸಿಗುತ್ತಾರೆ. ಮಕ್ಕಳು ಹೊರದೇಶದಲ್ಲಿ, ಮಂಡಿನೋವು ಸ್ವದೇಶದಲ್ಲಿ. ಕೈತುಂಬ ಪಿಂಚಣಿ, ಬಾಯಿತುಂಬ ಜ್ಞಾನ. ಒಬ್ಬರು ಹಳೇ ಗಡಿಯಾರ ಕೂಡಿಡುತ್ತಾರೆ, ಇನ್ನೊಬ್ಬರು ಗಿಡ್ಡ ತಳಿ ಹಸು ಕಟ್ಟುತ್ತಾರೆ. ನಮ್ಮ ಮಾವನಿಗೆ ಅಂಟಿದ್ದು ವಿಂಟೇಜ್ ಪೋರ್ಟ್.

ಲಂಡನ್ನಿನಲ್ಲಿರುವ ಮಗಳು ಒಂದು ಸಲ ಅಪ್ಪನನ್ನು ಪೋರ್ಟೊ ನಗರಕ್ಕೆ ಕರೆದುಕೊಂಡು ಹೋದಳು. ಡೋರು ನದಿ ದಾಟಿದರೆ ವಿಲಾ ನೋವಾ ಡ ಗಾಯಾ. ಅಲ್ಲಿ ಪೋರ್ಟ್ ವೈನಿನ ಹಳೇ ಉಗ್ರಾಣಗಳ ಸಾಲು. ಒಳಗೆ ಕತ್ತಲು, ತಂಪು, ಒದ್ದೆ ಮಣ್ಣು, ಮುದಿ ಮರ. ಮಾವ ಬಾಗಿಲಲ್ಲೇ ನಿಂತು ಮೂಗರಳಿಸಿ, ‘ಇದು ನಮ್ಮ ಹಗೇವಿನ ವಾಸನೆ ಕಣಮ್ಮ!’ ಎಂದರಂತೆ. ಮೂಗು ಅಲ್ಲೇ ಉಳಿಯಿತು, ಮಿಕ್ಕ ಮಾವ ವಿಮಾನ ಹತ್ತಿ ಬಂದರು.

ಬರುತ್ತಲೇ ಅಂಗಳದ ಕಲ್ಲುಚಪ್ಪಡಿ ಎಬ್ಬಿಸಿದರು. ಹಗೇವು ನೋಡದವರಿಗೆ ಹೇಳಬೇಕು: ಗಟ್ಟಿ ನೆಲದಲ್ಲಿ ತೋಡಿದ ಗುಂಡಿ, ಒಬ್ಬ ಆಳು ಇಳಿಯುವಷ್ಟೇ ಬಾಯಿ, ಒಳಗೆ ಹೋದಂತೆ ಅಗಲವಾಗುವ ಹೊಟ್ಟೆ. ರಾಗಿ ತುಂಬಿ, ಹುಲ್ಲು ಹೊದಿಸಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಬರಗಾಲಕ್ಕೆ ಅದೇ ಗಂಜಿ. ‘ಆಕಾರ ನೋಡೋ ಅಳಿಯ. ಸಣ್ಣ ಕತ್ತು, ದಪ್ಪ ಹೊಟ್ಟೆ. ನಮ್ಮಜ್ಜ ನೆಲದೊಳಗೆ ತೋಡಿರೋದು ಬಾಟ್ಲೀನೇ!’

‘ಇಂಗ್ಲೆಂಡಿನೋರು ಮಿಷನ್ ಇಟ್ಟು ತಂಪು ಮಾಡ್ತಾರೆ. ನಮ್ಗೆ ಕರೆಂಟೇ ಬೇಡ.’

‘ಬೇಡ ಅನ್ನೋಕೆ ಇದ್ರೆ ತಾನೆ?’ ಅಂದರು ಅತ್ತೆ, ಒರಳಿನ ಪಕ್ಕದಿಂದ.

ಸಂಗ್ರಹ ಎಷ್ಟು ದೊಡ್ಡದು ಅಂತ ಕೇಳಿದರೆ ಮಾವ ‘ಆರು’ ಅನ್ನುತ್ತಾರೆ. ಕೇಳಿದವರು ಆರು ನೂರೋ ಆರು ಸಾವಿರವೋ ಅಂದುಕೊಳ್ಳಲಿ ಎಂದು ಅಲ್ಲಿಗೇ ನಿಲ್ಲಿಸುತ್ತಾರೆ. ಆರೇ ಬಾಟಲಿ. ಹೊರದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದದ್ದು ತಲೆಗೆ 2 ಲೀಟರ್. 750 ಎಂ.ಎಲ್.ನ ಎರಡು ಬಾಟಲಿ ಸಲೀಸು. ಮೂರನೆಯದಕ್ಕೆ ಕಾಲು ಲೀಟರ್ ಹೆಚ್ಚಾಗುತ್ತದೆ. ಆ ಕಾಲು ಲೀಟರಿನ ದುಃಖವನ್ನು ಮಾವ ಎಷ್ಟು ಸಲ ಹೇಳಿಕೊಂಡಿದ್ದಾರೋ ಲೆಕ್ಕವಿಲ್ಲ. ಮೂರು ಸಲ ಲಂಡನ್, ಆರು ಬಾಟಲಿ. ಮಗಳು ಫೋನ್ ಮಾಡಿ ‘ಯಾವಾಗ ಬರ್ತೀಯಪ್ಪ?’ ಅಂದರೆ ಮಾವನಿಗೆ ಕೇಳಿಸುವುದು ‘ಇನ್ನೆರಡು ಯಾವಾಗ?’ ಅಂತ.

ಆರಕ್ಕೂ ಒಂದು ಲೆಡ್ಜರ್. 1994, 2000, 2003, 2007ರವು ಒಂದೊಂದು, 2011ರವು ಎರಡು. ಎಲ್ಲ ವರ್ಷವೂ ವಿಂಟೇಜ್ ಆಗುವುದಿಲ್ಲವಂತೆ. ಫಸಲು ಬಲು ಚೆನ್ನಾಗಿ ಬಂದ ವರ್ಷ ಮಾತ್ರ ಕಂಪನಿಗಳು ಘೋಷಣೆ ಮಾಡುತ್ತವೆ, ದಶಕಕ್ಕೆ ಮೂರು ಬಂದರೆ ಹೆಚ್ಚು. ಲೆಡ್ಜರಿನಲ್ಲಿ ಠೇವಣಿಯ ತಾರೀಖು, ಅವಧಿ, ಮುಕ್ತಾಯ, ನಾಮಿನಿ ಎಂದು ಗೆರೆ ಎಳೆದ ಕಾಲಂಗಳು. 2011ರ ಬಾಟಲಿಗಳ ಮುಕ್ತಾಯ 2041. ಮಾವನಿಗೆ ಈಗಲೇ ಅರವತ್ತೊಂಬತ್ತು. ನಾಮಿನಿ ಮೊಮ್ಮಗ, ‘ಮೈನರ್’ ಎಂದು ಕೆಂಪು ಶಾಯಿಯ ಷರಾ.

ಅತ್ತೆಗೆ ಈ ಇಸವಿಗಳ ಲೆಕ್ಕ ಹಿಡಿಸದು. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವೇ ಅವರ ಅಳತೆಗೋಲು. ‘ತೊಂಬತ್ಮೂರರ ಅಭಿಷೇಕ ಆದ ಮಾರನೇ ವರ್ಷದ್ದು ಇದು. ಆಮೇಲೆ 2006ರದೂ ಆಯ್ತು, 2018ರದೂ ಆಯ್ತು. ಇನ್ನೂ ಹಣ್ಣಾಗಿಲ್ಲ ಅಂದ್ರೆ ಅದು ಹಣ್ಣಾಗೋ ಜಾತಿ ಅಲ್ಲ ಬಿಡಿ.’

ಬಾಟಲಿಗಳನ್ನು ಮಾವ ರಾಗಿಹುಲ್ಲಿನ ಮೇಲೆ ಅಡ್ಡ ಮಲಗಿಸಿದ್ದಾರೆ. ನಿಲ್ಲಿಸಿದರೆ ಬಿರಡೆ ಒಣಗಿ ಗಾಳಿಯಾಡುತ್ತದೆ. ಪ್ರತಿ ಬಾಟಲಿಯ ಮೇಲುಮಗ್ಗುಲಿಗೆ ಒಂದೊಂದು ಬಿಳಿ ಬೊಟ್ಟು. ಹಿಂದೆ ಪೋರ್ಟೊ ಕಡೆಯವರೂ ಹೀಗೇ ಸುಣ್ಣ ಹಚ್ಚುತ್ತಿದ್ದರಂತೆ. ತಳದಲ್ಲಿ ಕೂತ ಗಸಿ ಕದಡಬಾರದು. ಎತ್ತಿ ಇಟ್ಟಾಗ ಬೊಟ್ಟು ಮತ್ತೆ ಮೇಲೇ ಬರಬೇಕು. ಮಾವ ಆ ಸುಣ್ಣ ತೆಗೆದದ್ದು ಅತ್ತೆಯ ಎಲೆಯಡಿಕೆ ತಟ್ಟೆಯಿಂದ. ಅವತ್ತು ಅತ್ತೆ ಸುಣ್ಣವಿಲ್ಲದ ಎಲೆ ಅಗಿದು, ಕೆಂಪಾಗದ ನಾಲಿಗೆಯಲ್ಲಿ ಬೇಕಾದಷ್ಟು ಹೇಳಿದರು.

ಅಂಗಳಕ್ಕೆ ಯಾರು ಬಂದರೂ ಪಾಠ ಶುರು. ‘ದ್ರಾಕ್ಷಿರಸ ಹುಳಿ ಬರ್ತಾ ಇರುತ್ತೆ. ಸಿಹಿ ಪೂರ್ತಿ ಕರಗೋಕೆ ಮುಂಚೆ ದ್ರಾಕ್ಷಿಯದೇ ಖಡಕ್ ಸಾರಾಯಿ ಹುಯ್ದುಬಿಡ್ತಾರೆ. ಹುದುಗು ಅಲ್ಲಿಗೇ ನಿಲ್ತು. ಉಬ್ಬುತ್ತಿರೋ ದೋಸೆಹಿಟ್ಟನ್ನ ಫ್ರಿಜ್ಜಿಗೆ ಇಟ್ಟಂಗೆ! ಸಿಹಿ ಅಲ್ಲೇ ಉಳೀತು, ಅಮಲು ನೂರಕ್ಕೆ ಇಪ್ಪತ್ತು.’ ಆಮೇಲೆ ಫ್ರಾನ್ಸಿನ ಮೇಲಿನ ಸಿಟ್ಟಿಗೆ ಇಂಗ್ಲೆಂಡ್ 1703ರಲ್ಲಿ ಪೋರ್ಚುಗಲ್ ಜೊತೆ ಒಪ್ಪಂದ ಮಾಡಿಕೊಂಡು ಅವರ ವೈನಿಗೆ ಸುಂಕ ಇಳಿಸಿದ್ದು, ಕಲಬೆರಕೆ ತಡೆಯಲು 1756ರಲ್ಲಿ ಡೋರು ಕಣಿವೆಗೆ ಸರಹದ್ದಿನ ಕಲ್ಲು ನೆಡಲು ಹೊರಟದ್ದು. ‘ಅಷ್ಟರೊಳಗೆ ಬೆಳೆದದ್ದು ಮಾತ್ರ ಪೋರ್ಟ್. ಮಿಕ್ಕಿದ್ದೆಲ್ಲ ಬರೀ ಶರಬತ್ತು.’

ಕೇಳಿದವರು ತಲೆದೂಗಿ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಾರೆ: ‘ಗೊತ್ತಾಯ್ತು ಬಿಡಿ. ರಕ್ತ ಆಗ್ಲಿ ಅಂತ ಬಾಣಂತೀರಿಗೆ ಕೊಡ್ತಾರಲ್ಲ, ಗೋವಾದ್ದು, ಅದೇ ತಾನೆ?’ ಮಾವ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಇಷ್ಟಾದರೂ ಮಾವ ಒಂದು ಹನಿ ಕುಡಿದದ್ದು ಊರಿನವರು ಕಂಡಿರಲಿಲ್ಲ. ಕೇಳಿದರೆ ‘ಅವಧಿಗೆ ಮುಂಚೆ ಮುರಿದ್ರೆ ದಂಡ ಬೀಳುತ್ತೆ’ ಎಂಬ ಉತ್ತರ. ದಂಡ ಹಾಕುವವರು ಯಾರು ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕಳೆದ ಮಾಗಿಯಲ್ಲಿ ಅದೂ ಆಯಿತು. ತಿಂಗಳಿಗೊಮ್ಮೆ ತಪಾಸಣೆ ನಡೆಯುತ್ತದೆ. ಚಪ್ಪಡಿ ಸರಿಸಿದ ಕೂಡಲೇ ಇಳಿಯುವಂತಿಲ್ಲ. ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಬಿಡಬೇಕು. ದೀಪ ಆರಿದರೆ ಒಳಗೆ ಕೆಟ್ಟಗಾಳಿ, ಉರಿದರೆ ಮನುಷ್ಯ ಇಳಿಯಬಹುದು. ಲಾಟೀನು ಬಿಡುವ ಕೆಲಸ ನನ್ನದು. ಅವತ್ತು ದೀಪ ಉರಿಯಿತು, ಮಾವ ಇಳಿದರು, ಆಮೇಲೆ ಒಳಗಿನಿಂದ ಸಾವಿನ ಮನೆಯ ದನಿ ಬಂತು: ‘ತೊಂಬತ್ನಾಲ್ಕು ಅಳ್ತಾ ಇದೆ ಕಣೋ!’

ಬಿರಡೆಯ ಅಂಚಿನಲ್ಲಿ ಅಂಟಂಟು ಒಸರುತ್ತಿತ್ತು. ತೆರೆಯದೆ ವಿಧಿಯಿಲ್ಲ. ಲೆಡ್ಜರಿನಲ್ಲಿ ‘ಅವಧಿಪೂರ್ವ ಮುಕ್ತಾಯ’ ಎಂದು ಬರೆದು, ಭಾನುವಾರ ಸಂಜೆಗೆ ಹಿರಿಯರನ್ನು ಕರೆದರು: ಪಕ್ಕದೂರಿನ ಆಲೆಮನೆ ಯಜಮಾನರು, ಅರಕಲಗೂಡು ಕಡೆಯ ಹೊಗೆಸೊಪ್ಪಿನ ಬೀಗರು, ಹೊಳೆನರಸೀಪುರದ ನಿವೃತ್ತ ಮೇಷ್ಟ್ರು.

ಹಳೇ ಬಿರಡೆ ಪುಡಿಯಾಗುತ್ತದೆಂದು ಪೋರ್ಟೊದಲ್ಲಿ ಬಾಟಲಿಯ ಕತ್ತನ್ನೇ ಕತ್ತರಿಸುವುದುಂಟು. ಮಾವ ಅದಕ್ಕೆಂದೇ ಆಚಾರಿಯ ಕುಲುಮೆಯಲ್ಲಿ ಒಂದು ಉದ್ದ ಇಕ್ಕಳ ಮಾಡಿಸಿದ್ದರು. ‘ಯಾವ ದನಕ್ಕೆ ಬುದ್ಧಿ ನನ್ನೊಡೆಯ?’ ಅಂತ ಆಚಾರಿ ಮರುಗಿದ್ದನಂತೆ. ಬಚ್ಚಲೊಲೆಯಲ್ಲಿ ಇಕ್ಕಳ ಕೆಂಡವಾಯಿತು. ಬಿರಡೆಯ ಕೆಳಗೆ ಕತ್ತನ್ನು ಅದರಿಂದ ಒಂದು ನಿಮಿಷ ಹಿಡಿದು, ತೆಗೆದು, ತಣ್ಣೀರಲ್ಲಿ ಅದ್ದಿದ ಬಟ್ಟೆ ಸುತ್ತಿದರು. ಟಕ್! ಕತ್ತು ಬಿರಡೆಯ ಸಮೇತ ಕೈಗೆ ಬಂತು. ಮೇಷ್ಟ್ರು ಚಪ್ಪಾಳೆ ತಟ್ಟಿದರು.

ಹೂಜಿಗೆ ಬಗ್ಗಿಸುವಾಗ ಕತ್ತಿನ ಹಿಂದೆ ದೀಪ ಇರಬೇಕು. ಕಪ್ಪು ಗಸಿಯ ಎಳೆ ಬೆಳಕಿನಲ್ಲಿ ಕಂಡ ತಕ್ಷಣ ನಿಲ್ಲಿಸಬೇಕು. ಮೇಣದಬತ್ತಿ ಸಿಗಲಿಲ್ಲ. ಅದೇ ಲಾಟೀನು ಬಂತು, ಹಿಡಿಯಲು ಅದೇ ನಾನು.

‘ಈಗ ಹೂಜಿಯನ್ನ ಎಡಕ್ಕೆ ದಾಟಿಸಬೇಕು. ಅದು ಇಂಗ್ಲೆಂಡಿನೋರ ಸಂಪ್ರದಾಯ.’

‘ಎಡಗೈಲಿ ಕೊಡಾದಾ?’ ಬೀಗರು ಹಿಂದೆ ಸರಿದರು. ‘ಹೆಣ್ಣು ಕೊಟ್ಟ ಮನೆ ನಾವು.’ ಕಡೆಗೆ ಬಲಗೈಯಲ್ಲೇ ಎಡಕ್ಕೆ ದಾಟಿಸುವುದೆಂದು ಎರಡು ಸಂಪ್ರದಾಯಗಳೂ ರಾಜಿಯಾದವು.

ಮಾವನ ಬಳಿ ರುಚಿ ವರ್ಣಿಸುವ ಪುಸ್ತಕವೊಂದಿದೆ. ಅದನ್ನು ತೊಡೆಯ ಮೇಲೆ ಮಗುಚಿಟ್ಟು, ‘ಏನನ್ನಿಸ್ತು ಹೇಳಿ’ ಅಂದರು, ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರರಂತೆ.

ಆಲೆಮನೆ ಯಜಮಾನರು ಲೋಟ ಮೂಸಿ ಮೆಲ್ಲಗೆ ನುಂಗಿದರು. ‘ಕೊಪ್ಪರಿಗೆ ಇಳಿಸಾಕೆ ಒಂದು ಗಳಿಗೆ ಮುಂಚೆ, ತಳ ಹತ್ತುತ್ತೋ ಇಲ್ವೋ ಅನ್ನಂಗೆ ಪಾಕ ಬರುತ್ತಲ್ಲ, ಆ ಗಮಲು.’

ರಾಮನಾಥಪುರದ ಹರಾಜುಕಟ್ಟೆಯಲ್ಲಿ ನಲವತ್ತು ವರ್ಷ ಎಲೆ ಮೂಸಿದ ಬೀಗರು ಎರಡನೇ ಗುಟುಕಿಗೆ ಕಣ್ಣರಳಿಸಿದರು. ‘ಸೊಪ್ಪು ಬೆಂದ ಮಾರನೇ ದಿನ ಬ್ಯಾರನ್ ಮನೆ ಬಾಗಿಲು ತೆಗುದಂಗೈತೆ ಕಣ್ರೀ!’

ಅತ್ತೆ ಬೆರಳು ಅದ್ದಿ ನಾಲಿಗೆಗೆ ಸೋಕಿಸಿದರು. ‘ನಮ್ಮ ತಾತ ಮಾಡ್ತಿದ್ದ ದ್ರಾಕ್ಷಾರಿಷ್ಟ. ಭತ್ತದ ರಾಶಿಯಲ್ಲಿ ಗಡಿಗೆ ಹೂತಿಡ್ತಿದ್ರು. ಒಂದು ತಿಂಗಳಿಗೆ ತೆಗುದು ಕುಡೀತಿದ್ರು, ಅಷ್ಟೇ.’ ಆ ‘ಅಷ್ಟೇ’ಯಲ್ಲಿ ಮೂವತ್ತು ವರ್ಷದ ಆಕ್ಷೇಪಣೆಯಿತ್ತು.

ಮಾವ ಪುಸ್ತಕ ಎತ್ತಿ ನೋಡಿದರು. ಕಾಕಂಬಿ, ಸಿಗಾರ್ ಪೆಟ್ಟಿಗೆ, ಒಣದ್ರಾಕ್ಷಿ. ಮೂರೂ ಒಂದೇ ಸಾಲಿನಲ್ಲಿದ್ದವು. ಅವರ ಮುಖ ಸಪ್ಪಗಾಯಿತು. ‘ಇದನ್ನ ಇವ್ರಿಗೆ ಯಾರೋ ಓದಿ ಹೇಳವ್ರೆ’ ಎಂದು ನನ್ನ ಕಡೆ ಅನುಮಾನದಿಂದ ನೋಡಿದರು. ಮೇಷ್ಟ್ರು ಏನೂ ವರ್ಣಿಸಲಿಲ್ಲ. ಲೋಟ ಮುಂದಕ್ಕೆ ಚಾಚಿದರು.

ಎಲ್ಲರೂ ಹೊರಟ ಮೇಲೆ ಮಾವ ಲೆಡ್ಜರ್ ತೆಗೆದು 1994ರ ಖಾತೆ ಮುಚ್ಚಿದರು. ಮಿಕ್ಕ ಐದರ ಮೇಲೆ ಬೆರಳಾಡಿಸುತ್ತಾ 2041ರ ಹತ್ತಿರ ನಿಂತರು.

‘ನಾಮಿನಿ ಲಂಡನ್ನಾಗೆ ಇರ್ತಾನೆ ಸರಿ,’ ಅತ್ತೆ ಗಸಿ ಉಳಿದ ಬಾಟಲಿ ಎತ್ತಿಕೊಳ್ಳುತ್ತಾ ಅಂದರು, ‘ಅವತ್ತು ಹಗೇವಿಗೆ ದೀಪ ಇಳಿಸೋರು ಯಾರು?’

ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಡಿಕೋಲು ತರಿಸಿ ಲೆಡ್ಜರಿನಲ್ಲಿ ಹೊಸ ಕಾಲಂ ಎಳೆದು, ತಲೆಬರಹ ಬರೆದರು: ‘ದೀಪ ಹಿಡಿಯುವವರು’. ಕೆಳಗೆ ಐದು ಸಲ ನನ್ನ ಹೆಸರು. ಸಹಿಗೆಂದು ಪೆನ್ನು ನನ್ನ ಕೈಗಿತ್ತರು.

‘ದೀಪ ಹಿಡಿದೋನಿಗೆ ಒಂದು ಗುಟುಕಾದ್ರೂ ಉಂಟಾ ಮಾವ?’

ಮಾವ ಕನ್ನಡಕ ಸರಿಮಾಡಿಕೊಂಡರು. ಮೂವತ್ತೈದು ವರ್ಷದ ಕೌಂಟರಿನ ದನಿ ಹೊರಬಂತು.

‘ಅದನ್ನ ನೀನು ನಾಮಿನಿ ಹತ್ರ ವಿಚಾರಿಸಬೇಕಾಗುತ್ತೆ.’