ಬುರುಗು–ಹೊಗೆ ಮೀಮಾಂಸೆ

ಬೆಳಗಾವಿ ಶಹರ ಹಾಗೂ ಖಾನಾಪುರ ತಾಲೂಕಿನ ಮದ್ಯ–ಧೂಮ ರಸಾನುಭವವನ್ನು ಶಾಸ್ತ್ರೋಕ್ತವಾಗಿ ನಿರೂಪಿಸುವ ಈ ಪ್ರಬಂಧವನ್ನು ಪ್ರಸ್ತುತ ಲೇಖಕರು ಯಾವ ವಿಶ್ವವಿದ್ಯಾಲಯಕ್ಕೂ ಸಲ್ಲಿಸಿಲ್ಲ. ಯಾವ ವಿಶ್ವವಿದ್ಯಾಲಯವೂ ಕೇಳಿಲ್ಲ. ಸಂಶೋಧನೆಯ ಖರ್ಚೆಲ್ಲ ಸ್ವಂತದ್ದು. ಮನೆಯಲ್ಲಿ ಇನ್ನೂ ಲೆಕ್ಕ ಒಪ್ಪಿಸಿಲ್ಲ.

ಇದಕ್ಕೆ ಪ್ರೇರಣೆ ಒಂದು ಅವಮಾನ. ಬೆಂಗಳೂರಿನ ಗೆಳೆಯನೊಬ್ಬ ಕ್ರಾಫ್ಟ್ ಬಿಯರಿನ ಬಾಟಲಿ ತಂದು, ಗ್ಲಾಸು ತಿರುಗಿಸಿ, ಕಣ್ಣುಮುಚ್ಚಿ, ಕಿತ್ತಳೆ ಸಿಪ್ಪೆ, ಒದ್ದೆ ಮಣ್ಣು, ದೇವದಾರಿನ ಅಂಟು ಎಂದು ಮೂರು ಪದಾರ್ಥ ಹೆಸರಿಸಿದ. ಲೇಖಕರ ನಾಲಿಗೆಗೆ ಬಂದದ್ದು ಬಿಯರು ಮಾತ್ರ. ಕಹಿಯನ್ನು ಅಳೆಯಲು ಐಬಿಯು ಎಂಬ ಮಾನವಿದೆಯೆಂದೂ, ಸಾಧಾರಣ ಲಾಗರ್ ಅದರಲ್ಲಿ 20ರ ಆಚೀಚೆ ನಿಂತರೆ ಇಂಡಿಯಾ ಪೇಲ್ ಏಲ್ 50, 60 ದಾಟುವುದೆಂದೂ ಅವನು ವಿವರಿಸಿದ. ಯುಗಾದಿಯ ಬೇವನ್ನು ವರ್ಷಕ್ಕೊಮ್ಮೆ ಮುಖ ಕಿವುಚದೆ ನುಂಗುವ ಜನರಿಗೆ ಈ ಮಾನದ ಅಗತ್ಯವೇನು ಎಂಬ ಪೂರ್ವಪಕ್ಷವನ್ನು ಲೇಖಕರು ಆಗಲೇ ಎತ್ತಬೇಕಿತ್ತು. ಎತ್ತಲಿಲ್ಲ, ಬಿಯರು ಅವನದಾಗಿತ್ತು.

ಮೊದಲು ಪರಿಭಾಷೆ. ‘ಕ್ರಾಫ್ಟ್’ಗೆ ನಮ್ಮಲ್ಲಿ ಪದವಿಲ್ಲವೆಂದು ಮೆನು ಕಾರ್ಡು ಬರೆಯುವವರು ಕೊರಗುತ್ತಾರೆ. ಇದು ಅಜ್ಞಾನ. ಕೈಯಿಂದ, ಸಣ್ಣ ಪ್ರಮಾಣದಲ್ಲಿ, ಕಂಪನಿಯ ಹಂಗಿಲ್ಲದೆ ಇಳಿಸಿದ ಮದ್ಯಕ್ಕೆ ಈ ಭಾಗದಲ್ಲಿ ‘ಹಾತಭಟ್ಟಿ’ ಎಂಬ ಹೆಸರು ಎಂದಿನಿಂದಲೂ ಇದೆ. ಹಾತ ಎಂದರೆ ಮರಾಠಿಯ ಕೈ. ಭಟ್ಟಿ ಎಂದರೆ ಭಟ್ಟಿಯೇ. ಈ ಕಲೆಯನ್ನು ವಿಮರ್ಶಾತ್ಮಕವಾಗಿ ದಾಖಲಿಸಿದ ಸಾಹಿತ್ಯ ಪ್ರಕಾರ ಪಂಚನಾಮೆ. 1965ರ ಅಬಕಾರಿ ಕಾಯ್ದೆಯ 32ನೆಯ ಕಲಮಿನಡಿ ಇಬ್ಬರು ಪಂಚರು ನಿಂತು, ಕ್ಯಾನಿನ ಮುಚ್ಚಳ ತೆಗೆದು, ಸಮಕ್ಷಮ ಮೂಸಿ ನೋಡಲಾಗಿ ಸಾರಾಯಿಯ ಘಾಟು ವಾಸನೆ ಬಂದಿತೆಂದು ರುಜು ಹಾಕುತ್ತಾರೆ. ಫ್ರಾನ್ಸಿನ ರುಚಿಪಂಡಿತರು ಒಂದು ಪುಟ ಬರೆದು ಮುಟ್ಟಲಾಗದ ನಿಖರತೆ ಇದು. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ರಚಿಸಿದಾಗ ಮದಿರಾಪಾನವನ್ನು ಕ್ರೀಡೆಗಳ ಸಾಲಿಗೆ ಸೇರಿಸಿದ್ದ. ನಾವದನ್ನು ಕಲಮುಗಳ ಸಾಲಿಗೆ ತಂದಿದ್ದೇವೆ. ರಾಜನಿಗೆ ಪಂಚರು ಸಿಕ್ಕಿರಲಿಲ್ಲ. (ಹಾತಭಟ್ಟಿಯ ರುಚಿಶೋಧನೆಗೆ ಲೇಖಕರು ಕೈಹಾಕಿಲ್ಲ. ಅದರಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತಿದ್ದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಸಂಶೋಧಕ.)

ಹೀಗಾಗಿ ಈ ಪ್ರಬಂಧದ ಮುಖ್ಯ ಪಠ್ಯ ಗೇರುಹಣ್ಣಿನಿಂದ ಇಳಿಸುವ ಉರ್ರಾಕ್. ಅದು ಗೋವೆಯದು ನಿಜ. ಆದರೆ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ ಇಳಿದರೆ ಗೋವೆಯೇ. ಪೋರ್ಚುಗೀಸರು ಬ್ರೆಜಿಲಿನಿಂದ ತಂದು ನೆಟ್ಟ ಗೇರು ಘಾಟದ ಎರಡೂ ಮಗ್ಗುಲಿಗೆ ಹಬ್ಬಿದೆ. ಮರಕ್ಕೆ ಗಡಿ ಗೊತ್ತಿಲ್ಲ, ಹಣ್ಣಿಗೆ ಗೊತ್ತು: ಆ ಕಡೆ ಬಿದ್ದದ್ದು ಭಟ್ಟಿ ಸೇರುತ್ತದೆ, ಈ ಕಡೆ ಬಿದ್ದದ್ದರ ಬೀಜ ಮಾತ್ರ ಚೀಲ ಸೇರಿ ಹಣ್ಣು ಮರದಡಿಯೇ ಹುಳಿಯುತ್ತದೆ. ಭೀಮಗಡದ ಕಾಡನ್ನು 2011ರಲ್ಲಿ ಅಭಯಾರಣ್ಯವೆಂದು ಘೋಷಿಸಿದ್ದಾರೆ. ಅಲ್ಲಿನ ಕರಡಿಗಳೇ ಖಾನಾಪುರದ ಆದ್ಯ ರಸಿಕರೆಂಬುದು ಲೇಖಕರ ಊಹೆ. ಸಂದರ್ಶನಕ್ಕೆ ಧೈರ್ಯ ಸಾಲಲಿಲ್ಲ.

ಆ ಕಡೆಯ ವಿಧಾನ ಹೀಗೆ. ಹಣ್ಣನ್ನು ಕೀಳುವಂತಿಲ್ಲ, ತಾನಾಗಿ ಬಿದ್ದದ್ದನ್ನೇ ಆಯಬೇಕು. ತುಳಿದು, ಹಿಂಡಿ, ರಸವನ್ನು ಮೂರು ದಿನದಷ್ಟು ಹುಳಿಯಲು ಬಿಟ್ಟು ಭಟ್ಟಿಗೇರಿಸಿದರೆ ಮೊದಲು ಇಳಿಯುವುದು ಉರ್ರಾಕ್, ಸುಮಾರು ಶೇಕಡಾ 15 ಮದ್ಯಾಂಶ. ಅದಕ್ಕೇ ಹುಳಿತ ರಸ ಬೆರೆಸಿ ಮತ್ತೆ ಇಳಿಸಿದರೆ ಫೆನಿ, 40 ದಾಟಿದ್ದು. ಗೋವಾ ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಉರ್ರಾಕಿಗೆ ಅಷ್ಟು ಆಯುಷ್ಯವೇ ಇಲ್ಲ. ಹೋಳಿ ಹೊತ್ತಿಗೆ ಹುಟ್ಟಿ ಮೊದಲ ಮಳೆಗೆ ಮುಗಿಯುತ್ತದೆ. ಫೆನಿ ಎಂಬ ಮಾತು ಬಂದದ್ದು ‘ಫೇನ’ದಿಂದ, ಎಂದರೆ ನೊರೆ, ನಮ್ಮ ಕಡೆಯ ಬುರುಗು. ಬಾಟಲಿ ಅಲುಗಿಸಿದಾಗ ಏಳುವ ಮುತ್ತಿನಂಥ ಬುರುಗು ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಿ ಹಳಬರು ಕಡಕ್ತನ ಹೇಳುತ್ತಾರೆ. ಲೇಖಕರು ಅಲುಗಿಸಿದ ಬಾಟಲಿ ಕೈಜಾರಿದ್ದರಿಂದ ಈ ಭಾಗದ ದತ್ತಾಂಶ ಅಪೂರ್ಣ.

ಇನ್ನು ರಸನಿಷ್ಪತ್ತಿ. ಕಾವ್ಯಕ್ಕೆ ಸಹೃದಯ ಬೇಕೆನ್ನುತ್ತಾರೆ ಆಲಂಕಾರಿಕರು. ಮದ್ಯಕ್ಕೆ ಬೇಕಾದವನು ಸಯಕೃತ್. ನಿಂಬೆ, ಉಪ್ಪು, ಸೀಳಿದ ಹಸಿಮೆಣಸಿನಕಾಯಿ, ಮೇಲೆ ಲಿಮ್ಕಾ: ಇವು ವಿಭಾವಗಳು. ಬೆವರು ಅನುಭಾವ. ಸಂಚಾರಿ ಭಾವಗಳು ಬಸ್ ಸ್ಟ್ಯಾಂಡಿನಲ್ಲಿ ಕಾಣಸಿಗುತ್ತವೆ. ಲೇಖಕರು ಗ್ಲಾಸಿನ ಮೇಲೆ ಮೂಗಿಟ್ಟು, ಮಾಗಿದ ಹಲಸು, ಹಳೆಯ ಅಟ್ಟ, ಮಳೆಗೆ ಮುಂಚಿನ ಮೋಡ ಎಂದು ಬರೆದುಕೊಳ್ಳುತ್ತಿದ್ದಾಗ ಎದುರಿಗೆ ಕೂತ ಕಾಕಾ ತಾಳ್ಮೆಗೆಟ್ಟರು: ‘ಎಮ್ಮಿ ಹಿಂಡಿ ಮೂಸಿಧಂಗ ಏನ್ ಮೂಸಾಕತ್ತೀಯೋ ತಮ್ಮಾ? ಕುಡದ್ರ ಕುಡಿ, ಇಲ್ಲಾ ಈ ಕಡೆ ಕೊಡು.’

ಕಾಕಾ ಖಾನಾಪುರದವರು, ನಿವೃತ್ತ ಸಿಪಾಯಿ. 1922ರಿಂದ ಬೆಳಗಾವಿಯಲ್ಲಿ ನೆಲೆನಿಂತಿರುವ ಮರಾಠಾ ಲೈಟ್ ಇನ್‌ಫಂಟ್ರಿಯ ತರಬೇತಿ ಕೇಂದ್ರದಲ್ಲಿ ತಯಾರಾದವರು. ಅವರದು ರಮ್ ಸಂಪ್ರದಾಯ. ಅದರಲ್ಲಿ ನಾಲಿಗೆಗಿಂತ ಕ್ಯಾಂಟೀನಿನ ಕಾರ್ಡು ದೊಡ್ಡದು. ರುಚಿಯ ಬಗ್ಗೆ ಅವರ ಪದಕೋಶದಲ್ಲಿ ಎರಡೇ ಮಾತು, ‘ಛಲೋ ಐತಿ’, ‘ನೀರ್ ಹಾಕ್ಯಾರ’. ಮದ್ಯದ ಜೊತೆ ತಿಂಡಿ ಹೊಂದಿಸುವ ಪಾಶ್ಚಾತ್ಯ ವಿದ್ಯೆಯನ್ನೂ ಅವರ ಮೇಲೆ ಪ್ರಯೋಗಿಸಲಾಯಿತು: ಉರ್ರಾಕಿನೊಂದಿಗೆ ಬೆಳಗಾವಿ ಕುಂದಾ. ಒಂದು ಚಮಚದ ನಂತರ ಅವರು ಹುರಿದ ಶೇಂಗಾ ತರಿಸಿದರು. ಮರುಪ್ರಯೋಗಕ್ಕೆ ಒಪ್ಪಿಲ್ಲ.

‘ನೀರ್ ಹಾಕ್ಯಾರ’ ಎಂಬುದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಮಹಾದಾಯಿ ಹುಟ್ಟುವುದು ಖಾನಾಪುರ ತಾಲೂಕಿನ ದೇಗಾಂವದಲ್ಲಿ. ಘಾಟ ಇಳಿದು ಗೋವೆಯಲ್ಲಿ ಮಾಂಡವಿಯಾಗುತ್ತಾಳೆ. 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು, ಜಗಳ ಇನ್ನೂ ತೀರಿಲ್ಲ. ಹೋಗುವ ನೀರಿನ ಬಗ್ಗೆ ಇಷ್ಟು ಸಂಪುಟ ಬರೆದವರು ಗ್ಲಾಸಿನಲ್ಲಿ ವಾಪಸ್ ಬರುವ ನೀರಿನ ಬಗ್ಗೆ ಒಂದು ಅಡಿಟಿಪ್ಪಣಿಯನ್ನೂ ಹಾಕಿಲ್ಲ. ಕಾಕಾ ಹಾಕುತ್ತಾರೆ, ಪ್ರತಿ ಗ್ಲಾಸಿಗೂ.

ಧೂಮಕಾಂಡ. ಸಿಗಾರಿಗೆ ಮೂರು ಅಂಗ: ಒಳಗಿನ ತುಂಬು, ಅದನ್ನು ಹಿಡಿದಿಡುವ ಎಲೆ, ಮೇಲಿನ ಹೊದಿಕೆ. ಬೀಡಿಗೂ ಮೂರು: ತಂಬಾಕು, ಎಲೆ, ದಾರ. ತಂಬಾಕು ನಮ್ಮ ಜಿಲ್ಲೆಯ ನಿಪ್ಪಾಣಿಯದು, ಎಲೆ ಮಧ್ಯ ಭಾರತದ ಕಾಡಿನ ತೆಂಡು. ಸಿಗಾರನ್ನು ಶೇಕಡಾ 70 ತೇವಾಂಶದ ಪೆಟ್ಟಿಗೆಯಲ್ಲಿಡಬೇಕಂತೆ. ಆಷಾಢದಲ್ಲಿ ಇಡೀ ಕಣಕುಂಬಿಯೇ ಅಂಥ ಪೆಟ್ಟಿಗೆ. ಅಲ್ಲಿ ಬೀಡಿಯ ಕಟ್ಟನ್ನು ಒಲೆಯ ಮಗ್ಗುಲಿಗಿಟ್ಟು ಬೆಚ್ಚಗೆ ಮಾಡಬೇಕು. ಸೇದುವುದನ್ನು ಮರೆತರೆ ಬೀಡಿ ಆರುತ್ತದೆ. ಇದು ದೋಷವಲ್ಲ, ಯತಿ.

ಹವಾನಾ ಸಿಗಾರನ್ನು ಹೆಂಗಸರು ತೊಡೆಯ ಮೇಲೆ ಹೊಸೆಯುತ್ತಾರೆಂಬ ಕಟ್ಟುಕತೆಯನ್ನು ಸಿಗಾರಪ್ರಿಯರು ಚಪ್ಪರಿಸಿ ಹೇಳುತ್ತಾರೆ. ತೊಡೆಯ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸರು ನಮ್ಮಲ್ಲಿ ಖರೇನೇ ಇದ್ದಾರೆ, ಕೂಲಿ ಸಾವಿರಕ್ಕಿಷ್ಟು ಎಂದು. 1981ರಲ್ಲಿ ನಿಪ್ಪಾಣಿಯ ಬೆಳೆಗಾರರು ಶರದ ಜೋಶಿಯವರ ಮುಂದಾಳುತನದಲ್ಲಿ ಬೆಲೆಗಾಗಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಗೋಲಿಬಾರಿನಲ್ಲಿ ರೈತರು ಸತ್ತರು. ಮರುವರ್ಷ ಯುಗಾಂತರ್ ಎಂಬ ಮಹಿಳೆಯರ ಚಿತ್ರತಂಡ ಅಲ್ಲಿನ ತಂಬಾಕು ವಖಾರಗಳ ಕೆಲಸಗಾರ್ತಿಯರ ಮೇಲೊಂದು ಚಿತ್ರ ಮಾಡಿತು. ಬೀಡಿಯ ಹೊಗೆಯಲ್ಲಿ ಚರ್ಮ, ಕೋಕೋ, ಒಣಹುಲ್ಲು ಎಂದು ಪಟ್ಟಿ ಮಾಡಿದ್ದ ಲೇಖಕರು ಇಲ್ಲಿಗೆ ಬಂದು ಪಟ್ಟಿ ಮಡಚಿಟ್ಟರು. ವಖಾರದ ಧೂಳಿಗೆ ರುಚಿಶಬ್ದ ಹೊಂದಲಿಲ್ಲ.

ಉಳಿದದ್ದು ಕ್ಷೇತ್ರಕಾರ್ಯದ ವಿಧಾನ. ಬಾಟಲಿಯೊಳಗಿನ ಉರ್ರಾಕ್ ಗಡಿ ದಾಟಿದರೆ ಅಬಕಾರಿಯವರು ಹಿಡಿಯುತ್ತಾರೆ. ಹೊಟ್ಟೆಯೊಳಗಿನದು ಸ್ಟಿಯರಿಂಗ್ ಹಿಂದೆ ಕೂತು ದಾಟಿದರೆ ಪೊಲೀಸರು. ಎರಡೂ ಕಾಯ್ದೆಗಳ ನಡುವೆ ಉಳಿಯುವ ಏಕೈಕ ನ್ಯಾಯಸಮ್ಮತ ಮಾರ್ಗ ಪಣಜಿ–ಬೆಳಗಾವಿ ಬಸ್ಸಿನ ಕಿಟಕಿ ಪಕ್ಕದ ಸೀಟು. ಕಳೆದ ಮೇ ತಿಂಗಳು ಲೇಖಕರು ಹಾಗೆಯೇ ಬರುತ್ತಿದ್ದಾಗ ಕಣಕುಂಬಿಯ ತಪಾಸಣೆ ನಾಕೆಯಲ್ಲಿ ಬಸ್ಸು ನಿಂತಿತು. ಒಬ್ಬರು ಹತ್ತಿ, ಚೀಲದಲ್ಲಿದ್ದ ಬಾಟಲಿ ತೆಗೆಸಿದರು. ಗ್ಲಾಸು ಕೇಳಲಿಲ್ಲ, ತಿರುಗಿಸಲಿಲ್ಲ. ಬಿರಡೆ ತೆಗೆದು ಒಮ್ಮೆ ಮೂಸಿದರು.

‘ಕೋಕಮ್ಮಿನ ಆಗಳ,’ ಎಂದರು. ಮತ್ತೊಮ್ಮೆ ಮೂಸಿ, ‘ಈ ವರ್ಷದ್ದಲ್ಲ, ಹ್ವಾದ ವರ್ಷದ್ದು. ಸಾರಿಗೆ ಹಾಕೂ ಮುಂದ ಉಪ್ಪು ನೋಡ್ಕೊಂಡ ಹಾಕ್ರಿ.’

ಮನೆಗೆ ಬಂದು ಸಾರು ಮಾಡಿ ನೋಡಿದರೆ, ಉಪ್ಪು ಹೆಚ್ಚಾಗಿತ್ತು. ಈ ಪ್ರಬಂಧದ ಮುಖಪುಟದಲ್ಲಿ ಮಾರ್ಗದರ್ಶಕರ ಹೆಸರಿನ ಜಾಗ ಅಲ್ಲಿಯತನಕ ಖಾಲಿ ಇತ್ತು. ಈಗಲೂ ಖಾಲಿ ಇದೆ. ಬಸ್ಸು ಬಿಡುವ ಗಡಿಬಿಡಿಯಲ್ಲಿ ಅವರ ಹೆಸರು ಕೇಳುವುದು ಮರೆತುಹೋಯಿತು.