ಗಾಳಪ್ಪನ ಚೈತ್ರಯಾತ್ರೆ

ಕರಾವಳಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಕೆಲಸ ಹಿಡಿದು, ನಲವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಹೊಳೆಯ ನೆನಪು ಮಾಡಿಕೊಳ್ಳುವ ಒಂದು ಜಾತಿಯ ಗಂಡಸರಿದ್ದಾರೆ. ಚಿಕ್ಕಂದಿನಲ್ಲಿ ಇವರು ಹೊಳೆಗೆ ಇಳಿದದ್ದು ಕಡಿಮೆ, ಅಮ್ಮ ಬಿಟ್ಟಿರಲಿಲ್ಲ. ಈಗ ಬಿಡದಿರುವವರು ಯಾರೂ ಇಲ್ಲ. ಹೆಂಡತಿಯಂತೂ ಸಂತೋಷದಿಂದಲೇ ಕಳಿಸುತ್ತಾಳೆ. ಸುಲಭಕ್ಕೆ ಇಂಥವನನ್ನು ಗಾಳಪ್ಪ ಎನ್ನೋಣ.

ಗಾಳಪ್ಪನ ಊರು ಕುಮಟಾ. ಯುಗಾದಿಗೆ ನಾಲ್ಕು ದಿನ ರಜೆ ಹೊಂದಿಸಿಕೊಂಡು ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತುತ್ತಾನೆ. ಕೈಯಲ್ಲಿ ಕ್ರಿಕೆಟ್ ಕಿಟ್ಟೋ ತಂಬೂರಿಯೋ ಎಂದು ಸಹಪ್ರಯಾಣಿಕರು ಊಹಿಸುವಂಥ ಉದ್ದನೆಯ ಚೀಲ. ಯಾರಾದರೂ ಕೇಳಲಿ ಎಂದು ಅದನ್ನು ಸೀಟಿನ ಕೆಳಗೆ ತಳ್ಳದೆ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿರುತ್ತಾನೆ. ಕೇಳಿದರೆ ಮುಗಿಯಿತು, ಟ್ರೌಟ್ ಪುರಾಣ ಶುರು. ಕೆನಡಾದ ಕಾಡು, ಮಂಜು ಕರಗಿದ ಹೊಳೆ, ಸಣ್ಣ ದೋಣಿ, ನಾಲ್ವರು ಗೆಳೆಯರು: ಫೋನಿನಲ್ಲಿ ನೋಡಿದ್ದೆಲ್ಲ ತಾನೇ ಹೋಗಿ ಬಂದಷ್ಟು ಸ್ಪಷ್ಟವಾಗಿ ಹೇಳುತ್ತಾನೆ. ವಾಟ್ಸ್ಆ್ಯಪ್ ಗುಂಪಿಗೂ ‘ಟ್ರೌಟ್ ಬಳಗ’ ಎಂದೇ ಹೆಸರು.

ಟ್ರೌಟ್ ತಣ್ಣೀರಿನ ಮೀನು. ನೀರಿನ ಬಿಸಿ 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ಬ್ರಿಟಿಷರು ತಮ್ಮ ಗಾಳದ ಚಪಲಕ್ಕೆ ಅದನ್ನು ಕಡಲಾಚೆಯಿಂದ ತಂದು ಕಾಶ್ಮೀರದಲ್ಲೂ ನೀಲಗಿರಿಯ ಎತ್ತರದ ಹೊಳೆಗಳಲ್ಲೂ ಬಿಟ್ಟರೇ ಹೊರತು ಕುಮಟೆಯತ್ತ ತಿರುಗಿಯೂ ನೋಡಲಿಲ್ಲ. ಚೈತ್ರದ ಅಳಿವೆ ನೀರು 30 ಡಿಗ್ರಿಯ ಆಸುಪಾಸು ಇರುತ್ತದೆ. ಅದರಲ್ಲಿ ಬಿಟ್ಟರೆ ಟ್ರೌಟ್ ಈಜುವ ಬದಲು ಬೇಯಲು ಹೊರಟೀತು. ಇದು ಗಾಳಪ್ಪನಿಗೆ ಗೊತ್ತಿಲ್ಲ ಎಂದಲ್ಲ. ‘ಸ್ಪಿರಿಟ್ ಮುಖ್ಯ’ ಎನ್ನುತ್ತಾನೆ.

ಬಳಗದಲ್ಲಿ ಇನ್ನಿಬ್ಬರು. ಭಟ್ಕಳದವನು ದುಬೈಯಿಂದ ರಜೆಗೆ ಬಂದವನು. ಹೊಳೆಯುವ ಜಪಾನಿ ರೀಲು ಅವನ ಕೊಡುಗೆ, ಜೊತೆಗೆ ಮನೆಯಿಂದ ಬಿರಿಯಾನಿಯ ಡಬ್ಬ. (ಇಡೀ ಯಾತ್ರೆಯಲ್ಲಿ ನಂಬಬಹುದಾದ ವಸ್ತು ಈ ಡಬ್ಬ ಒಂದೇ.) ಹೊನ್ನಾವರದವನದು ಪ್ರತಿವರ್ಷವೂ ಒಂದೇ ಹಟ: ಶರಾವತಿಗೇ ಹೋಗಬೇಕು, ಮಾವಿನಕುರ್ವೆ ಸುತ್ತಬೇಕು. ಅಲ್ಲಿಗೆ ಜಗಳ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು ಅಣೆಕಟ್ಟೆ ಬಂತು. ಕರೆಂಟು ತೆಗೆದು ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಇಳಿದು ಬರುವುದರಿಂದ ಅಳಿವೆಯ ಉಪ್ಪು ಕಮ್ಮಿಯಾಗಿ ಬಳಚು ಎಂಬ ಚಿಪ್ಪುಜೀವಿ ಸೊರಗಿತು. ಗಾಳಪ್ಪನ ಪಟ್ಟು ಕುಮಟೆಯ ಅಘನಾಶಿನಿ, ಅದಕ್ಕೆ ದೊಡ್ಡ ಅಣೆಕಟ್ಟೆಯೇ ಇಲ್ಲ. ಕಗ್ಗ ಭತ್ತದ ಗಜನಿ, ಕಾಂಡ್ಲಾ ಕಾಡು, ಶೆಟ್ಲಿ, ಏಡಿ, ಬಳಚು ಎಲ್ಲ ಇನ್ನೂ ಉಳಿದಿರುವ ಈ ಅಳಿವೆಗೆ 2024ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ‘ರಾಮ್ಸಾರ್’ ಎಂಬ ಶಬ್ದ ಬಂದೊಡನೆ ಹೊನ್ನಾವರ ಸೋಲುತ್ತದೆ. ಅದು ಇರಾನಿನ ಊರೆಂದು ದುಬೈಯವನು ಸೇರಿಸುತ್ತಾನೆ, ಯಾರೂ ಕಿವಿಗೊಡುವುದಿಲ್ಲ.

ಹೀಗೆ ಒಂದು ಯುಗಾದಿಯ ಮರುದಿನ ಮೂವರೂ ಒಬ್ಬ ಅಂಬಿಗರ ಅಜ್ಜನ ಪಾತಿದೋಣಿ ಹತ್ತಿದರು. ದಿನದ ಆಯ್ಕೆಯಲ್ಲೇ ಎಡವಟ್ಟಿತ್ತು. ಯುಗಾದಿ ಬರುವುದೇ ಅಮಾವಾಸ್ಯೆಯ ಬೆನ್ನಿಗೆ. ಆ ಹೊತ್ತಿನಲ್ಲಿ ಭರತಕ್ಕೆ ನೀರು ಎಷ್ಟು ಏರುತ್ತದೋ ಇಳಿತಕ್ಕೆ ಅಷ್ಟೇ ಕೆಳಗೆ ಹೋಗುತ್ತದೆ. ಪಂಚಾಂಗ ಬಲ್ಲ ಯಾವ ಮೀನುಗಾರನಿಗೂ ಇದು ಗೊತ್ತು. ಗಾಳಪ್ಪ ಪಂಚಾಂಗದಲ್ಲಿ ನೋಡಿದ್ದು ರಜೆ ಮಾತ್ರ.

ಮಧ್ಯಾಹ್ನದವರೆಗೆ ನೀರು ತುಂಬಿತ್ತು. ಗಾಳಪ್ಪ ಪ್ಲಾಸ್ಟಿಕ್ ಮೀನು ಕಟ್ಟಿ ಎಸೆದ, ಸುತ್ತಿದ, ಮತ್ತೆ ಎಸೆದ. ಒಮ್ಮೆ ಕಾಂಡ್ಲಾ ಗಿಡ ಹಿಡಿದ, ಒಮ್ಮೆ ಹೊನ್ನಾವರದವನ ಟೋಪಿ. ಅಜ್ಜ ಒಂದು ದಾರಕ್ಕೆ ಶೆಟ್ಲಿ ಚುಚ್ಚಿ, ಬೆರಳಿಗೆ ಸುತ್ತಿಕೊಂಡು, ಬೀಡಿ ಸೇದುತ್ತ ಎರಡು ಕಾಗಳಸಿ ಎತ್ತಿ ಹಾಕಿದ.

‘ತಮಾ, ನೀರ್ ಇಳೂಕೆ ಶುರುವಾಯ್ತು. ತಿರುಗ್ವನಾ?’

‘ಐದೇ ನಿಮಿಷ ಅಜ್ಜ, ಕಚ್ತಾ ಇದೆ!’

ಕಚ್ಚಿತ್ತು ನಿಜ. ರಾಡು ಕಮಾನಾಯಿತು, ಭಟ್ಕಳದವನು ವಿಡಿಯೋ ಶುರು ಮಾಡಿದ. ಹತ್ತು ನಿಮಿಷದ ಹೋರಾಟದ ನಂತರ ಮೇಲೆ ಬಂದದ್ದು ಅಂಗೈಯಷ್ಟು ದೊಡ್ಡ ಮೀನು. ಅದು ಗಾಳಪ್ಪನನ್ನು ನೋಡುತ್ತಲೇ ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಂಡಿತು. ಅದರ ಮೈಯಲ್ಲಿ ವಿಷ. ಊರಲ್ಲಿ ಯಾರೂ ತಿನ್ನುವುದಿಲ್ಲ. ಅಜ್ಜ ಅದನ್ನು ಬಿಡಿಸಿ ನೀರಿಗೆ ಬಿಟ್ಟು ಗಳ ಊರಿದ. ದೋಣಿ ಅಲುಗಲಿಲ್ಲ.

ಕನ್ನಡದಲ್ಲಿ ಗಾಳಕ್ಕೂ ಗಳಕ್ಕೂ ನಡುವೆ ಇರುವುದು ಒಂದು ‘ಇಳಿ’ ಮಾತ್ರ. ಆ ಇಳಿಯೇ ಕೈಕೊಟ್ಟಿತ್ತು.

ಗಾಳಪ್ಪ ಫೋನ್ ತೆಗೆದ. ‘5.50ಕ್ಕೆ ನೀರು ತಿರುಗುತ್ತದೆ’ ಎಂದು ಘೋಷಿಸಿದ. ಅದು ಕಾರವಾರ ಬಂದರಿನ ಲೆಕ್ಕ. ಅಳಿವೆಯಿಂದ ಒಳಗೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ಒಂದು ಭರತಕ್ಕೂ ಇನ್ನೊಂದಕ್ಕೂ ನಡುವೆ ಸುಮಾರು 12 ತಾಸು 25 ನಿಮಿಷ ಎಂಬುದನ್ನು ಆ್ಯಪ್ ಇಲ್ಲದ ಅಜ್ಜ ಬೇರೆ ಮಾತಿನಲ್ಲಿ ಹೇಳಿದ: ‘ರಾತ್ರಿ ಊಟದ ಹೊತ್ತಿಗೆ ತೇಲ್ತದೆ.’ ಬಿರಿಯಾನಿ ಡಬ್ಬ ತೆರೆಯಿತು.

ಅಷ್ಟರಲ್ಲಿ ದಡದಿಂದ ಬುಟ್ಟಿ ಹಿಡಿದ ಹೆಂಗಸರು ಕೆಸರಲ್ಲಿ ನಡೆಯುತ್ತ ಬಂದರು. ಮೊಣಕಾಲು ನೀರಿನಲ್ಲಿ ಬಗ್ಗಿ ಬಳಚು ಹೆಕ್ಕತೊಡಗಿದರು. ರಾಡಿಲ್ಲ, ರೀಲಿಲ್ಲ, ಮಾತು ಮಾತ್ರ ಧಾರಾಳ. ಬುಟ್ಟಿಗಳು ತುಂಬುತ್ತ ಬಂದವು. ಒಬ್ಬಾಕೆ ದೋಣಿಯ ಪಕ್ಕ ನಿಂತು, ಹೊಳೆಯುವ ರೀಲನ್ನೊಮ್ಮೆ ಗಾಳಪ್ಪನನ್ನೊಮ್ಮೆ ನೋಡಿ, ವಿನಯದಿಂದಲೇ ಕೇಳಿದಳು: ‘ತಮಾ, ದೋಣಿ ಚೂರ್ ಬದಿಗೆ ಸರ್ಸೂಕೆ ಆಗ್ತದ್ಯಾ? ಅಡಿಗೇ ಬಳಚು ಅದೆ.’

ಮೂವರೂ ಪ್ಯಾಂಟು ಮಡಿಸಿ ಇಳಿದರು, ತಳ್ಳಿದರು. ಎರಡು ಗೇಣು ಸರಿಯಿತು. ಆಕೆಗೆ ಅಷ್ಟು ಸಾಕಾಯಿತು.

ಕತ್ತಲಾಗುವ ಹೊತ್ತಿಗೆ ಕಾರವಾರದ ಕಡೆಯಿಂದ ರೈಲಿನ ಸದ್ದು ಬಂತು. ಸೇತುವೆಯ ಮೇಲೆ ದೀಪ ಹೊತ್ತಿದ ಕಿಟಕಿಗಳು ಒಂದರ ಹಿಂದೊಂದು ಹಾದುಹೋದವು. ಬೆಂಗಳೂರಿಗೆ ಹೊರಟ ಪಂಚಗಂಗಾ. ಅದರಲ್ಲಿ ಗಾಳಪ್ಪನ ಹೆಸರಿನ ಲೋವರ್ ಬರ್ತ್ ಒಂದಿತ್ತು, ಕನ್ಫರ್ಮ್ ಆದದ್ದು.