ಸದರಿ ಚಿಪ್‌ನ ಹೇಳಿಕೆ

ಸೋನಿ ಕಂಪನಿಯು 1994ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಪ್ಲೇಸ್ಟೇಷನ್ ಎಂಬ ಆಟದ ಯಂತ್ರದೊಳಗೆ, ತಯಾರಕರ ಅಪ್ಪಣೆಯಿಲ್ಲದೆ ಬೆಸುಗೆ ಹಾಕಿ ಕೂರಿಸಲಾಗುತ್ತಿದ್ದ ಎಂಟು ಕಾಲಿನ ಪುಟ್ಟ ಮೈಕ್ರೊಕಂಟ್ರೋಲರಿಗೆ ಮಾಡ್‌ಚಿಪ್ ಎಂದು ಹೆಸರು. ಸಿಡ್ನಿಯ ಒಂದು ರಿಪೇರಿ ಮೇಜಿನ ಮೇಲೆ, ಮುಚ್ಚಳ ಬಿಚ್ಚಿದ ಯಂತ್ರದೊಳಗೆ ಕುಳಿತೇ ಅದು ನೀಡಿದ ಈ ಕಾಲ್ಪನಿಕ ಸಂದರ್ಶನದುದ್ದಕ್ಕೂ, ಕೋರ್ಟುಕಚೇರಿ ಅಲೆದ ಅಭ್ಯಾಸಬಲದಿಂದಲೋ ಏನೋ, ತನ್ನನ್ನು ‘ಸದರಿ ಚಿಪ್’ ಎಂದೇ ಕರೆದುಕೊಂಡಿತು.

ಪ್ರಶ್ನೆ: ಸದರಿ ಚಿಪ್‌ನ ಕಸುಬೇನು?

ಉತ್ತರ: ಪಿಸುಗುಟ್ಟುವುದು. ಅಸಲಿ ಡಿಸ್ಕಿನ ಒಳ ಅಂಚಿನ ಸುರುಳಿಗೆರೆಯನ್ನು ಕಾರ್ಖಾನೆಯವರು ಕಣ್ಣಿಗೆ ಕಾಣದಷ್ಟು ಓಲಾಡಿಸಿ, ಆ ಓಲಾಟದಲ್ಲಿ ನಾಲ್ಕಕ್ಷರ ಅಡಗಿಸಿರುತ್ತಾರೆ: ಜಪಾನಿಗೆ ಎಸ್‌ಸಿಇಐ, ಅಮೆರಿಕಕ್ಕೆ ಎಸ್‌ಸಿಇಎ, ಯೂರೋಪಿಗೆ ಎಸ್‌ಸಿಇಇ. ಮನೆಯ ಸಿಡಿ ರೈಟರಿಗೆ ಈ ಓಲಾಟ ನಕಲಿಸಲು ಬಾರದು. ಯಂತ್ರದೊಳಗಿನ ಬಾಗಿಲ ಕಾವಲುಗಾರನು ಬಂದ ಡಿಸ್ಕಿನ ಮುಖ ನೋಡದೆ ಆ ನಾಲ್ಕಕ್ಷರದ ಗುಟ್ಟಿನ ಮಾತನ್ನಷ್ಟೇ ಕೇಳುವವನಾದ್ದರಿಂದ, ಸದರಿ ಚಿಪ್ ಪಕ್ಕದಿಂದ ಅದನ್ನು ಉಸುರುತ್ತದೆ.

ಪ್ರಶ್ನೆ: ಹಾಗಿದ್ದೂ ‘ಪ್ಲೇಸ್ಟೇಷನ್ ಸಿಡಿ ಹಾಕಿ’ ಎಂಬ ಸೂಚನೆ ಪರದೆಯಿಂದ ಕದಲದಿರುವುದೇಕೆ?

ಉತ್ತರ: ಬೆಸುಗೆ ಹೊಳೆಯುತ್ತಿರಬೇಕು, ಮಂಕು ಬಡಿದು ಗುಳ್ಳೆಯಂತೆ ಕೂತಿದ್ದರೆ ತಂತಿ ಅಂಟಿದಂತೆ ತೋರುತ್ತದೆಯೇ ಹೊರತು ಸಂಪರ್ಕ ನಿಲ್ಲುವುದಿಲ್ಲ, ಇದಕ್ಕೇ ರಿಪೇರಿಯವರು ಡ್ರೈ ಸೋಲ್ಡರ್ ಎನ್ನುವುದು. ಹೊರಗಿನ ಪೆಟ್ಟಿಗೆ ಒಂದೇ ತೆರನಾಗಿ ಕಂಡರೂ ಒಳಗಿನ ಬೋರ್ಡು ಪಿಯು-8, ಪಿಯು-18, ಪಿಯು-22 ಎಂದು ಬದಲಾಗುತ್ತ ಬಂದಿದ್ದು, ಒಂದರ ನಕ್ಷೆ ಹಿಡಿದು ಇನ್ನೊಂದಕ್ಕೆ ತಂತಿ ಎಳೆದವರೂ ಚಿಪ್ಪನ್ನೇ ಶಪಿಸುತ್ತಾರೆ. ಒಂದನೇ ಕಾಲನ್ನು ಸೂಚಿಸುವ ಚುಕ್ಕೆಯನ್ನು ಗಮನಿಸದೆ ತಿರುಗುಮುರುಗಾಗಿ ಕೂರಿಸಿದರೆ ಸದರಿ ಚಿಪ್ ಕಾದು ಬೆರಳು ಸುಡುತ್ತದೆ. ಅದಕ್ಕೆ ತಿಳಿದಿರುವ ಪ್ರತಿಭಟನೆ ಅದೊಂದೇ.

ಪ್ರಶ್ನೆ: ಆಟ ಶುರುವಾಗಿ ನಡುವೆ ತಡವರಿಸಿದರೆ?

ಉತ್ತರ: ಮೊದಲ ಮಾದರಿಗಳಲ್ಲಿ ಲೆನ್ಸನ್ನು ಹೊತ್ತ ಪ್ಲಾಸ್ಟಿಕ್ ಗಾಡಿ ಸವೆದು ಲೆನ್ಸು ವಾಲುತ್ತಿತ್ತು; ಆಟಗಾರರು ಯಂತ್ರವನ್ನೇ ಬೋರಲು ಹಾಕಿ ಆಡಿದ್ದುಂಟು. ಆದರೂ ಬೆಸುಗೆ ಕಡ್ಡಿ ಕಾಯುವುದು ಚಿಪ್ಪಿಗಾಗಿಯೇ. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ಪ್ರಶ್ನೆ: ಅಮೆರಿಕದ ಆಟ ಇಲ್ಲಿನ ಟಿವಿಯಲ್ಲಿ ಕಪ್ಪುಬಿಳುಪಾಗಿ ಕಾಣುವುದು?

ಉತ್ತರ: ಅದು ಎನ್‌ಟಿಎಸ್‌ಸಿ, ಪ್ಯಾಲ್ ಎಂಬ ಎರಡು ಬಣ್ಣಪದ್ಧತಿಗಳ ಜಗಳ. ಸದರಿ ಚಿಪ್ ಆ ಕೇಸಿನಲ್ಲಿ ಪ್ರತಿವಾದಿಯಲ್ಲ.

ಪ್ರಶ್ನೆ: ಪ್ರತಿವಾದಿಯಾಗಿದ್ದ ಕೇಸುಗಳ ಗತಿ?

ಉತ್ತರ: 2004ರಲ್ಲಿ ಇಂಗ್ಲೆಂಡಿನ ಹೈಕೋರ್ಟು, ಪ್ಲೇಸ್ಟೇಷನ್ 2ಕ್ಕೆ ಇಂಥದೇ ಚಿಪ್ ಮಾರಿದವರ ವಿರುದ್ಧ ತೀರ್ಪಿತ್ತಿತು. ಮರುವರ್ಷ ಆಸ್ಟ್ರೇಲಿಯದ ಹೈಕೋರ್ಟು, ನಾಲ್ಕಕ್ಷರದ ಕಾವಲು ನಕಲು ಮಾಡುವುದನ್ನು ತಡೆಯುವುದಿಲ್ಲ, ಮಾಡಿಯಾದ ನಕಲನ್ನು ಆಡಗೊಡುವುದಿಲ್ಲವಷ್ಟೆ, ಆದ್ದರಿಂದ ಅದು ಕೃತಿಸ್ವಾಮ್ಯ ಕಾಯಿದೆ ಹೇಳುವ ರಕ್ಷಣಾಕ್ರಮವಲ್ಲ ಎಂದಿತು. 2006ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. ಒಂದೇ ಬಗೆಯ ಪಿಸುಮಾತು, ಒಂದೂರಿನಲ್ಲಿ ಅಪರಾಧ, ಇನ್ನೊಂದೂರಿನಲ್ಲಿ ಒಂದು ವರ್ಷದ ಮಟ್ಟಿಗೆ ನಿರಪರಾಧ.

ಇಷ್ಟರಲ್ಲಿ ಬೆಸುಗೆ ಕಡ್ಡಿ ಮತ್ತೊಮ್ಮೆ ಕಾದು ಹೊಗೆಯಾಡತೊಡಗಿದ್ದರಿಂದ, ದಯಮಾಡಿ ಮೊದಲು ಲೆನ್ಸು ಒರೆಸಿ ನೋಡಬೇಕೆಂದು ಸದರಿ ಚಿಪ್ ಬಿನ್ನವಿಸಿಕೊಂಡಿತು.